ಆರನೆಯ ವಾರ

ವೇಲ್ಸಿನ ಬಾಲಾ ಊರು, ಹಳೇ ಚಾಪೆಲ್ಲಿನ ಹಿಂಗೋಣೆ.
ಕಿಟಕಿಗೆ ಕರಿಕಂಬಳಿ ಹೊಡೆದಿದ್ದರು, ಮೊಳೆ ಜಡಿದು.
ಹೊರಗೆ ಮಾರ್ಚಿನ ಬಿಸಿಲು, ಅಪರೂಪದ್ದು.
ಕೆಸರಿನ ಬೂಟು ಬಿಟ್ಟ ಹಾಗೆ
ಅದನ್ನೂ ಬಾಗಿಲಲ್ಲೇ ಬಿಟ್ಟು ಒಳಗೆ ಬಂದೆ.

ಸೇಬಿನ ಪೆಟ್ಟಿಗೆಯಲ್ಲಿ ಐದು ಮರಿ,
ಕಣ್ಣಿಗೊಂದು ಹನಿ ಔಷಧ.
ಪಾಪೆ ಅರಳಲು ಇಪ್ಪತ್ತು ನಿಮಿಷ ಬೇಕು ಎಂದರು ಡಾಕ್ಟರ್ ಪ್ರಿಟ್ಚರ್ಡ್.
ಇಪ್ಪತ್ತು ನಿಮಿಷ ಏನು ಮಾಡುವುದು?
ಬೆಂಚಿನ ಮೇಲೆ ಯಾರೋ ಕೆತ್ತಿದ ಹೆಸರು ಓದಿದೆ.
ಬಿಳಿಕಿವಿಯವನು ನನ್ನ ತೋಳಿನ ಗುಂಡಿ ಜಗಿದ.
ಬಾಗಿಲಿನಾಚೆ ಅವುಗಳ ತಾಯಿ ಫ್ಲೋಸ್ ಗೊಣಗುತ್ತಿದ್ದಳು,
ಮಂದೆಯಲ್ಲೊಂದು ಕುರಿ ಕಮ್ಮಿಯಾದಾಗ
ಗೊಣಗುವ ಹಾಗೆ.

ಆಮೇಲೆ ದೀಪ ಆರಿತು.
ಹಣೆಗೆ ಕಟ್ಟಿದ ಪುಟ್ಟ ಬೆಳಕು, ಬೆರಳ ನಡುವೆ ಮಸೂರ.
ಡಾಕ್ಟರು ಬಗ್ಗಿದರು
ಬಾವಿಗೆ ಬಿದ್ದ ಕೊಡ ಹುಡುಕುವವರಂತೆ.
ಒಂದು, ಸರಿ.
ಎರಡು, ಸರಿ.
ಮೂರನೆಯದು ಮೂಗು ನೆಕ್ಕಿತು, ಗಟ್ಟಿಯಾಗಿ ಹಿಡಿ ಎಂದರು. ಸರಿ.
ನಾಲ್ಕು, ಬಿಳಿಕಿವಿ.
ಅಲ್ಲಿ ನಿಂತರು.
ಉಸಿರು ಬಿಗಿಹಿಡಿದದ್ದು ನಾನೋ ಮರಿಯೋ.

"ನೋಡುತ್ತೀಯಾ, ಮೈರ್ವೆನ್?"
ಮೊದಲು ಏನೂ ಕಾಣಲಿಲ್ಲ, ನನ್ನ ರೆಪ್ಪೆಯೇ ಅಡ್ಡ.
ಆಮೇಲೆ ನೇರಿಳೆ ಬಣ್ಣದೊಂದು ಬಯಲು,
ಅದರ ತುಂಬ ಕೆಂಪು ದಾರಗಳು,
ಒಂದು ಮಗ್ಗುಲಲ್ಲಿ ಬಿಳಿಚಿದ ತೇಪೆ,
ನೇಯುತ್ತಿದ್ದವಳು ಯಾರೋ ಕರೆದರೆಂದು
ಎದ್ದು ಹೋದ ಜಾಗ.

ಅವನಿಗೆ ಕಾಣುತ್ತದೆ, ಎಂದರು ಡಾಕ್ಟರು.
ಕುರಿ ಕಾಣುತ್ತದೆ, ಬೇಲಿ ಕಾಣುತ್ತದೆ.
ಈ ಚೀಟಿ ಅವನಿಗಲ್ಲ,
ಅವನಿಗೆ ಹುಟ್ಟಬಹುದಾದವರಿಗೆ.

ಐದನೆಯದು ಸರಿ ಇತ್ತು. ನನಗದು ನೆನಪೇ ಇಲ್ಲ.

ಹೊರಗೆ ವ್ಯಾನಿಗೆ ಒರಗಿ ಇಡ್ವಾಲ್ ನಿಂತಿದ್ದ,
ಮರಿಗಳ ಅಪ್ಪ ಟಾಫ್‌ನ ಒಡೆಯ,
ಪಂದ್ಯದ ಬೆಳ್ಳಿ ಬಟ್ಟಲು ಮೂರು ಅವನ ಮನೆಯಲ್ಲಿ.
"ಆರು ವಾರಕ್ಕೇ ಓಡಿ ಬರಬೇಕಿತ್ತೇ?
ಹನ್ನೆರಡು ಆಗಿದ್ದರೆ ಬಣ್ಣ ಕೂತು
ಕಲೆ ತಾನೇ ಮುಚ್ಚಿಕೊಳ್ಳುತ್ತಿತ್ತು,
ಕಾಗದ ಶುದ್ಧ, ಎಲ್ಲರಿಗೂ ನೆಮ್ಮದಿ."

ನಿಜವೇ. ಕಣ್ಣಾಮುಚ್ಚಾಲೆ ಆಡುವ ಕಲೆ ಇದು.
ಹತ್ತರವರೆಗೆ ಎಣಿಸುತ್ತ ಕೂತರೆ ಅಡಗಿಬಿಡುತ್ತದೆ,
ಮಧ್ಯದಲ್ಲೇ ತಿರುಗಿ ನೋಡಬೇಕು,
ಮಕ್ಕಳು ಅದನ್ನು ಮೋಸ ಅನ್ನುತ್ತಾರೆ.
ನೋಡದೆ ಮಾರುವುದಕ್ಕೆ ದೊಡ್ಡವರಲ್ಲಿ ಬೇರೆ ಹೆಸರಿದೆ,
ಕಣ್ಣಿಗೆ ಮಣ್ಣೆರಚುವುದು.

"ದೋಷ ನಿನ್ನ ಹೆಣ್ಣಿನದೇ ಇರಬೇಕು" ಎಂದ.
"ಒಬ್ಬರಿಂದ ಬರುವುದಲ್ಲ ಇಡ್ವಾಲ್, ಇದು
ಎರಡೂ ಮನೆಯಿಂದ ಬರಬೇಕು,
ಮದುವೆ ಜಗಳದ ಹಾಗೆ" ಎಂದೆ.
ಅವನು ನಗಲಿಲ್ಲ. ವ್ಯಾನು ಕಲ್ಲು ಚಿಮ್ಮಿಸಿ ಹೋಯಿತು.

ನನಗೂ ನಗು ಬರಲಿಲ್ಲ.
ಕೂಡಿಸುವ ಮೊದಲೇ
ಫ್ಲೋಸಳ ಕೆನ್ನೆಯೊಳಗೆ ಹತ್ತಿ ಸವರಿ
ಲ್ಯಾಬಿಗೆ ಕಳಿಸಬಹುದಿತ್ತು.
ಆ ದುಡ್ಡಿಗೆ ಗೇಟಿನ ಕೀಲು ಬದಲಿಸಿದೆ.
ಗೇಟು ಈಗ ಸದ್ದಿಲ್ಲದೆ ಮುಚ್ಚುತ್ತದೆ.

ರಾತ್ರಿ, ಮೊದಲ ಸೂಲಿನ ಮರಿಗಳು ಹೋದ ಮನೆಗಳಿಗೆ ಫೋನು.
ಒಬ್ಬರು ಥ್ಯಾಂಕ್ಸ್ ಹೇಳಿದರು, ಒಣಗಿದ ದನಿಯಲ್ಲಿ.
ಒಬ್ಬರು ಅರ್ಧದಲ್ಲೇ ಇಟ್ಟರು.
ಶ್ರೂಸ್‌ಬರಿಯ ಮುದುಕಿ ತಡೆದು ತಡೆದು ಕೇಳಿದಳು,
"ಹಾಗಾದರೆ ಇಷ್ಟು ದಿನ
ಅವನು ನನ್ನನ್ನು ನೋಡುತ್ತಿರಲಿಲ್ಲವೇ?"
ನೋಡುತ್ತಿದ್ದ, ಈಗಲೂ ನೋಡುತ್ತಿರಬೇಕು, ಎಂದೆ.
"ಹೌದು," ಎಂದಳು, "ಕುರ್ಚಿಯ ಮೇಲಿಂದ. ಇಳಿ ಅಂದರೆ ಇಳಿಯುವುದಿಲ್ಲ."

ಪುಸ್ತಕದಲ್ಲಿ ಬರೆದೆ:
ಬಿಳಿಕಿವಿ. ಗಂಡು. ಕಲೆ ಇದೆ. ತಳಿಗೆ ಬೇಡ.
ಅವನು ಮೇಜಿನಡಿ ಮಲಗಿದ್ದ,
ಪಾಪೆ ಇನ್ನೂ ಕುಗ್ಗದೆ, ಒಲೆಯ ಬೆಳಕಿಗೆ ಕಣ್ಣು ಕಿರಿದು ಮಾಡಿ,
ನನ್ನ ಪೆನ್ನು ಹೋದಲ್ಲೆಲ್ಲ ತಲೆ ತಿರುಗಿಸುತ್ತ.

ಹತ್ತು ಗಂಟೆಗೆ ಫ್ಲೋಸ್ ಬೊಗಳಿದಾಗಲೇ
ಯಾರೋ ಬಂದಿದ್ದಾರೆಂದು ತಿಳಿದದ್ದು.
ಅಂಗಳದಲ್ಲಿ ಇಡ್ವಾಲ್, ಕೈಯಲ್ಲೊಂದು ಲಕೋಟೆ,
ಹಿಂದೆ ಟಾಫ್, ದವಡೆ ಬಿಗಿದು ಕೂತು.
"ಈ ಹತ್ತಿಕಡ್ಡಿ ಹೇಗೆ ಸವರುವುದೇ?
ದರಿದ್ರದವನು ಬಾಯೇ ಬಿಡುತ್ತಿಲ್ಲ."